ಹಿಸ್ಟರಿ ಲೈಬ್ರೇರಿಯನ್ ಅಂದ್ರೆ ಇಡೀ ದಿನ ಏನ್ ಮಾಡ್ತಾರೆ?

ಓದುಗರ ಪ್ರಶ್ನೆ: ನಾನು ದಾವಣಗೆರೆ ಕಡೆಯವಳು. ಹಿಸ್ಟರಿ ಎಂ.ಎ. ಮಾಡಿ ಎರಡು ವರ್ಷ ಅತಿಥಿ ಉಪನ್ಯಾಸಕಿ ಆಗಿದ್ದೆ. ಈಗ ಗಂಡನ ಕೆಲಸದ ಮೇಲೆ ಅಮೆರಿಕಕ್ಕೆ ಬಂದಿದ್ದೀವಿ, ನಂದು ಎಚ್-4 ವೀಸಾ. ಇಲ್ಲಿನ ದೊಡ್ಡ ಯೂನಿವರ್ಸಿಟಿ ಲೈಬ್ರರೀಲಿ ಹಿಸ್ಟರಿಗೆ ಅಂತಾನೇ ಒಬ್ರು ಲೈಬ್ರೇರಿಯನ್ ಇದ್ದಾರೆ ಅಂತ ನೋಡಿ ಆಶ್ಚರ್ಯ ಆಯ್ತು. ಏನು ಆ ಕೆಲಸ? ಅದಕ್ಕೆ ಪಿಎಚ್‌ಡಿ ಬೇಕಾ? ನನಗೆ ಕನ್ನಡ ಬರೋದ್ರಿಂದ ಏನಾದ್ರೂ ಉಪಯೋಗ ಇದ್ಯಾ? ಕೂತು ಓದೋಕೆ ಟೈಮ್ ಸಿಗತ್ತಾ?

ಉತ್ತರ:

ಕೊನೇ ಪ್ರಶ್ನೆಗೆ ಮೊದಲು ಹೇಳ್ಬಿಡ್ತೀನಿ ಮೇಡಂ, ಸಿಗಲ್ಲ. ನಾನು ಈ ಕೆಲಸಕ್ಕೆ ಸೇರಿದಾಗ ನಮ್ಮಮ್ಮ ಹಾಸನದಲ್ಲಿ ಬೀದಿಗೆಲ್ಲ "ನಮ್ಮ ಹುಡುಗ ಲೈಬ್ರರೀಲಿ ಕೂತು ಪುಸ್ತಕ ಓದ್ತಾನಂತೆ, ಅದಕ್ಕೆ ಸಂಬಳ ಬೇರೆ ಕೊಡ್ತಾರಂತೆ" ಅಂತ ಹೇಳ್ಕೊಂಡು ಬಂದಿದ್ರು. ಇಷ್ಟು ವರ್ಷ ಆಯ್ತು, ಆಫೀಸ್ ಟೈಮಲ್ಲಿ ಪೂರ್ತಿ ಓದಿ ಮುಗಿಸಿದ ಪುಸ್ತಕ ಒಂದೂ ಇಲ್ಲ. ಪರಿವಿಡಿ ನೋಡ್ತೀನಿ, ಮುನ್ನುಡಿ ಮೇಲೆ ಕಣ್ಣಾಡಿಸ್ತೀನಿ, ಹಿಂದಿರೋ ಅಡಿಟಿಪ್ಪಣಿ ಮಾತ್ರ ಬಿಡದೆ ಓದ್ತೀನಿ, ಯಾಕಂದ್ರೆ ಯಾರು ಯಾವ ಊರಿನ ಆರ್ಕೈವ್ಸಿಗೆ (ಹಳೇ ದಾಖಲೆ ಕಾಪಾಡಿ ಇಡೋ ಕಡೆಗೆ) ಹೋಗಿ ಯಾವ ಕಾಗದ ತೆಗೆಸಿ ನೋಡಿದಾರೆ ಅನ್ನೋದು ಅಲ್ಲೇ ಗೊತ್ತಾಗೋದು. ಮಿಕ್ಕ ಟೈಮೆಲ್ಲ ಇಮೇಲು, ಮೀಟಿಂಗು, ಎಕ್ಸೆಲ್ ಶೀಟು.

ನಮ್ಮ ಕಡೆ ಲೈಬ್ರರೀಲಿ ಕೆಲಸ ಮಾಡೋರೆಲ್ಲ ಲೈಬ್ರೇರಿಯನ್ನೇ, ಹುದ್ದೆ ನೋಡಿದ್ರೂ ಅಸಿಸ್ಟೆಂಟ್ ಲೈಬ್ರೇರಿಯನ್, ಡೆಪ್ಯುಟಿ ಲೈಬ್ರೇರಿಯನ್, ಲೈಬ್ರೇರಿಯನ್ ಅಂತ ಮೆಟ್ಟಿಲು ಇರತ್ತೇ ಹೊರತು ವಿಷಯದ ಮೇಲೆ ಹಂಚಿಕೆ ಕಮ್ಮಿ. ಇಲ್ಲಿ ಹಾಗಲ್ಲ. ಪುಸ್ತಕ ಕೊಟ್ಟು ತಗೊಳ್ಳೋ ಕೌಂಟರಿನೋರು ಬೇರೆ, ಕ್ಯಾಟಲಾಗ್ ಮಾಡೋರು ಬೇರೆ, ಹಳೇ ಪತ್ರ, ಹಸ್ತಪ್ರತಿ ನೋಡ್ಕೊಳ್ಳೋ ಆರ್ಕಿವಿಸ್ಟ್ ಬೇರೆ, ಬೇರೆ ಲೈಬ್ರರಿಯಿಂದ ತರಿಸಿ ಕೊಡೋ ಇಂಟರ್‌ಲೈಬ್ರರಿ ಲೋನಿನೋರು ಬೇರೆ. ಸಬ್ಜೆಕ್ಟ್ ಲೈಬ್ರೇರಿಯನ್ ಅಂದ್ರೆ ಒಂದು ಡಿಪಾರ್ಟ್‌ಮೆಂಟಿಗೆ ಗಂಟು ಹಾಕಿದ ಮನುಷ್ಯ ಅಂತ ಇಟ್ಕೊಳಿ. ಹಿಸ್ಟರಿಗೆ ಏನು ಕೊಳ್ಳಬೇಕು ಅಂತ ತೀರ್ಮಾನ ಮಾಡೋದು, ಆ ಡಿಪಾರ್ಟ್‌ಮೆಂಟಿನ ಪ್ರೊಫೆಸರು, ಪಿಎಚ್‌ಡಿ ಹುಡುಗ್ರು, ಬಿ.ಎ. ಮಕ್ಕಳು ಯಾರೇ "ಇದಕ್ಕೆ ದಾಖಲೆ ಎಲ್ಲಿ ಸಿಗತ್ತೆ" ಅಂತ ಬಂದ್ರೂ ಕೂತು ಹುಡುಕಿ ಕೊಡೋದು, ಕ್ಲಾಸಿಗೆ ಹೋಗಿ ಹೇಗೆ ಹುಡುಕಬೇಕು ಅಂತ ಪಾಠ ಮಾಡೋದು. ಪುಟ್ಟ ಯೂನಿವರ್ಸಿಟಿ ಆದ್ರೆ ಇದೇ ಮನುಷ್ಯನ ತಲೆ ಮೇಲೆ ಫಿಲಾಸಫಿ, ರಿಲಿಜನ್, ಕೆಲವು ಸಲ ಪೊಲಿಟಿಕಲ್ ಸೈನ್ಸೂ ಇರತ್ತೆ.

ಕೊಳ್ಳೋ ಕೆಲಸ ಹೊರಗಿನಿಂದ ನೋಡಿದ್ರೆ ಮಜಾ ಅನ್ಸತ್ತೆ, ಬೇರೆಯವರ ದುಡ್ಡಲ್ಲಿ ಪುಸ್ತಕ ಕೊಳ್ಳೋದು ಅಂದ್ರೆ ಯಾರಿಗೆ ಬೇಡ. ನಿಜ ಏನಂದ್ರೆ ಒಂದೊಂದೇ ಪುಸ್ತಕ ಆರಿಸೋದು ಕಮ್ಮಿ. ಅಪ್ರೂವಲ್ ಪ್ಲಾನ್ ಅಂತ ಒಂದು ವ್ಯವಸ್ಥೆ ಇದೆ, ಯಾವ ದೇಶದ ಇತಿಹಾಸ, ಯಾವ ಕಾಲ, ಯಾವ ಪಬ್ಲಿಷರ್, ಎಷ್ಟು ಬೆಲೆವರೆಗೆ ಅಂತ ಮೊದಲೇ ಮಾರಾಟಗಾರರಿಗೆ ಬರೆದು ಕೊಟ್ಟಿರ್ತೀವಿ, ಅದಕ್ಕೆ ಹೊಂದೋ ಪುಸ್ತಕ ತಾನಾಗೇ ಬರ್ತಾ ಇರತ್ತೆ, ಅನುಮಾನ ಇರೋದಕ್ಕೆ ಮಾತ್ರ ಸ್ಲಿಪ್ ಬರತ್ತೆ, ನಾವು ಬೇಕು ಬೇಡ ಅನ್ನಬೇಕು. ಆ ಪ್ರೊಫೈಲ್ ಬರೆಯೋದೇ ಅಸಲಿ ಕೆಲಸ. ಅದರಲ್ಲಿ ಒಂದು ಪಬ್ಲಿಷರ್ ಹೆಸರು ಬಿಟ್ಟುಹೋದ್ರೆ ಹತ್ತು ವರ್ಷ ಅವರ ಪುಸ್ತಕ ಲೈಬ್ರರಿಗೆ ಬರದೇ ಇರಬಹುದು, ಯಾರಿಗೂ ಗೊತ್ತೂ ಆಗಲ್ಲ, ಇಲ್ಲದ ಪುಸ್ತಕ ಯಾರ ಕಣ್ಣಿಗೆ ಬೀಳತ್ತೆ ಹೇಳಿ. ನಮ್ಮ ಲೆಕ್ಕದ ವರ್ಷ ಜುಲೈಯಿಂದ ಜೂನ್, ಹಾಗಾಗಿ ಏಪ್ರಿಲ್-ಮೇ ಬಂತಂದ್ರೆ ಉಳಿದ ದುಡ್ಡು ಖರ್ಚು ಮಾಡೋ ಓಟ, ನಮ್ಮ ಪಂಚಾಯ್ತಿಗಳಲ್ಲಿ ಮಾರ್ಚ್ ತಿಂಗಳ ಗಡಿಬಿಡಿ ಇರತ್ತಲ್ಲ, ಥೇಟ್ ಅದೇ.

ಅದಕ್ಕಿಂತ ಕಷ್ಟ ಅಂದ್ರೆ ಬೇಡ ಅನ್ನೋದು. ಹಳೇ ಪತ್ರಿಕೆ, ಸರ್ಕಾರಿ ಕಡತಗಳ ದೊಡ್ಡ ದೊಡ್ಡ ಡೇಟಾಬೇಸ್ ಮಾರೋ ಕಂಪನಿಗಳು ಬರ್ತಾವೆ. ಒಂದು ಕೊಂಡ್ರೆ ಆ ವರ್ಷ ಬೇರೆ ಏನೂ ಇಲ್ಲ ಅನ್ನೋ ಬೆಲೆ, ಅದರ ಮೇಲೆ ವರ್ಷ ವರ್ಷ ಮೇಂಟೆನೆನ್ಸ್ ಚಾರ್ಜ್ ಬೇರೆ. ಒಬ್ಬ ಪ್ರೊಫೆಸರಿಗೆ ಲ್ಯಾಟಿನ್ ಅಮೆರಿಕದ್ದು ಬೇಕು, ಇನ್ನೊಬ್ಬರಿಗೆ ಚೀನಾದ್ದು ಬೇಕು, ಇಬ್ರೂ ಹೇಳೋದು ನ್ಯಾಯವೇ. ಡಿಪಾರ್ಟ್‌ಮೆಂಟ್ ಪಾರ್ಟೀಲಿ ಯಾರು ಮುಖ ತಿರುಗಿಸ್ತಾರೆ ಅಂತ ನೋಡಿದ್ರೆ ಆ ವರ್ಷ ನಾನು ಯಾವುದನ್ನ ಬಿಟ್ಟೆ ಅಂತ ಹೇಳಬಹುದು.

ಇನ್ನೊಂದು ಯಾರೂ ಮಾತಾಡದ ಕೆಲಸ ಅಂದ್ರೆ ಜಾಗ ಖಾಲಿ ಮಾಡೋದು. ಶೆಲ್ಫ್ ತುಂಬಿದ ಮೇಲೆ ಏನಾದ್ರೂ ಎಲ್ಲಿಗಾದ್ರೂ ಹೋಗಲೇಬೇಕಲ್ವಾ. ಷಿಕಾಗೋ ಯೂನಿವರ್ಸಿಟಿಯವರು 2011ರಲ್ಲಿ ಮಾನ್ಸುಯೆಟೊ ಲೈಬ್ರರಿ ಅಂತ ಕಟ್ಟಿ ನೆಲದ ಕೆಳಗೆ 35 ಲಕ್ಷ ಪುಸ್ತಕ ಹಿಡಿಯೋ ಹಾಗೆ ಮಾಡಿದ್ರು, ಅಲ್ಲಿ ಕ್ರೇನ್ ಹೋಗಿ ಡಬ್ಬ ಎತ್ಕೊಂಡು ಬರತ್ತೆ, ನೋಡೋಕೆ ಚೆಂದ. ಮಿಕ್ಕವರು ಊರಾಚೆ ಗೋಡೌನಿಗೆ ಕಳಿಸ್ತಾರೆ. ಯಾವುದು ಹೋಗಬೇಕು ಅಂತ ಪಟ್ಟಿ ಮಾಡೋದು ನಾವೇ, ಅದರಲ್ಲಿ ನಾನೊಂದು ಸಲ ಚೆನ್ನಾಗಿ ಎಡವಿದೆ. ಹೊಸದಾಗಿ ಸೇರಿದ್ದೆ, ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಚೆಕ್‌ಔಟ್ ಆಗದ ಪುಸ್ತಕ ಅಂತ ರಿಪೋರ್ಟ್ ತೆಗೆದೆ, ಅದರಲ್ಲಿ ಕನ್ನಡದ ಊರ ಚರಿತ್ರೆಗಳು, ಶಾಸನ ಸಂಪುಟಗಳು, ಅಭಿನಂದನಾ ಗ್ರಂಥಗಳು ಸಾಲು ಸಾಲಾಗಿ ಬಂದ್ವು, ಸೊನ್ನೆ ನೋಡಿ ಸೈನ್ ಹಾಕಿ ಕಳಿಸಿಬಿಟ್ಟೆ. ಒಂದು ತಿಂಗಳೂ ಆಗಿಲ್ಲ, ವಯಸ್ಸಾದ ಪ್ರೊಫೆಸರ್ ಒಬ್ರು ಬಂದು "ನನ್ನ ಶೆಲ್ಫ್ ಎಲ್ಲಿ ಹೋಯ್ತು" ಅಂದ್ರು. ಅವರು ಅಷ್ಟು ವರ್ಷದಿಂದ ಅಲ್ಲೇ ನಿಂತು ನೋಡಿ ಅಲ್ಲೇ ಇಟ್ಟು ಹೋಗ್ತಿದ್ರಂತೆ, ಮನೆಗೆ ತಗೊಂಡು ಹೋಗೇ ಇಲ್ಲ, ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು. ಶಾಸನ ಸಂಪುಟ ಯಾರೂ ಕಾದಂಬರಿ ಥರ ಮನೆಗೆ ಒಯ್ಯಲ್ಲ, ಬೇಕಾದ ಒಂದು ಶಾಸನದ ಪಾಠ ನೋಡಿ ಬರ್ಕೊಂಡು ಹೋಗ್ತಾರೆ. ಹಿಸ್ಟರಿ ಎಂ.ಎ. ಮಾಡಿದ ನನಗೆ ಅಷ್ಟು ಹೊಳೀಬೇಕಿತ್ತು. ವಾಪಸ್ ತರಿಸೋಕೆ ಎರಡು ಸೆಮಿಸ್ಟರ್ ಹಿಡೀತು.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರ್ತೀನಿ, ಕನ್ಸಲ್ಟೇಷನ್. ವಿದ್ಯಾರ್ಥಿ ಬಂದು ಎದುರಿಗೆ ಕೂರ್ತಾರೆ, ಅರ್ಧ ಗಂಟೆ ಒಂದು ಗಂಟೆ ಮಾತು. ಬಂದೋರು ಸಾಮಾನ್ಯವಾಗಿ ಕೇಳೋದು "ಈ ವಿಷಯದ ಮೇಲೆ ಏನಿದೆ" ಅಂತ. ನಾನು ತಿರುಗಿಸಿ ಕೇಳೋದು ಬೇರೆ: ಆ ಕಾಲದಲ್ಲಿ ಇದನ್ನ ಬರೆದಿಡೋ ಗರಜು ಯಾರಿಗಿತ್ತು? ಅವರು ಯಾರಿಗೆ ಬರೆದ್ರು? ಆ ಕಾಗದ ಕೊನೆಗೆ ಯಾವ ಊರಲ್ಲಿ ಉಳೀತು? ಈ ಮೂರು ಗೊತ್ತಾಯ್ತು ಅಂದ್ರೆ ಅರ್ಧ ಥೀಸಿಸ್ ಆಯ್ತು ಅಂತಾನೇ ನನ್ನ ಲೆಕ್ಕ.

ಒಂದು ಉದಾಹರಣೆ ಹೇಳ್ತೀನಿ, ನಮ್ಮ ಕಡೇದೇ. ಒಬ್ಬ ವಿದ್ಯಾರ್ಥಿ 1930ರ ಸುಮಾರಿನ ಉತ್ತರ ಕನ್ನಡದ ಕರನಿರಾಕರಣೆ, ಅಂಕೋಲಾ ಸಿದ್ದಾಪುರದ ಕಡೆ ನಡೀತಲ್ಲ ಅದರ ಮೇಲೆ ಬರೀಬೇಕು ಅಂತ ಬಂದ. ಕ್ಯಾಟಲಾಗಲ್ಲಿ ಕರ್ನಾಟಕ ಅಂತ ಹಾಕಿ, ಸ್ವಾತಂತ್ರ್ಯ ಚಳವಳಿ ಅಂತ ಹಾಕಿ ಹುಡುಕಿದಾನೆ, ಆಮೇಲೆ ಬರೆದ ನಾಲ್ಕಾರು ಪುಸ್ತಕ ಬಿಟ್ರೆ ಏನೂ ಇಲ್ಲ. ಇರಲ್ಲ ಬಿಡಿ, ಆಗ ಕರ್ನಾಟಕ ಅಂತ ರಾಜ್ಯವೇ ಇರಲಿಲ್ಲವಲ್ಲ. 1956ರ ನವೆಂಬರ್ 1ಕ್ಕೆ ಒಂದಾಗಿದ್ದು ಮೈಸೂರು ರಾಜ್ಯ ಅಂತ, ಕರ್ನಾಟಕ ಅನ್ನೋ ಹೆಸರು ಬಂದಿದ್ದು 1973ರಲ್ಲಿ. ಅದಕ್ಕೂ ಹಿಂದೆ ಇವತ್ತಿನ ಉತ್ತರ ಕನ್ನಡ ಇಂಗ್ಲಿಷ್ ಕಾಗದದಲ್ಲಿ ಕೆನರಾ, ನಾರ್ತ್ ಕೆನರಾ, ಅದರಲ್ಲೂ ಕೆಲವರು ಸಿ ಹಾಕಿ ಬರೀತಾರೆ ಕೆಲವರು ಕೆ ಹಾಕಿ ಬರೀತಾರೆ, ಎರಡನ್ನೂ ಹುಡುಕಬೇಕು. ಮೊದಲು ಅದು ಮದ್ರಾಸ್ ಪ್ರೆಸಿಡೆನ್ಸಿ, 1862ರಲ್ಲಿ ಬಾಂಬೆ ಪ್ರೆಸಿಡೆನ್ಸಿಗೆ ಹೋಯ್ತು, ಹಾಗಾಗಿ 1850ರ ಕಾಗದಕ್ಕೆ ಚೆನ್ನೈ ನೋಡಬೇಕು, 1930ರ ಕಾಗದಕ್ಕೆ ಮುಂಬೈ ನೋಡಬೇಕು, ಕಾರವಾರದಲ್ಲಿ ಕೂತ ಕಲೆಕ್ಟರ್ ಬರೆದಿದ್ದು ಮುಂಬೈಗೆ, ಅಲ್ಲಿಂದ ದಿಲ್ಲಿಗೆ, ದಿಲ್ಲಿಯಿಂದ ಲಂಡನ್ನಿಗೆ. ಲಂಡನ್ನಿಗೆ ಹೋದ ಪ್ರತಿ ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ರೆಕಾರ್ಡ್ಸಲ್ಲಿ.

ಇಷ್ಟು ಹೇಳಿದ ಮೇಲೆ ಒಂದು ಖಾಲಿ ಹಾಳೆ ತಗೊಂಡು ಇಡೀ ಕರ್ನಾಟಕದ ನಕ್ಷೆ ಬರೆದು ಗೆರೆ ಎಳೆದು ತೋರಿಸಿದೆ, ಇದು ನಾನು ಯಾವಾಗ್ಲೂ ಮಾಡೋ ಕೆಲಸ. ಧಾರವಾಡ, ಬೆಳಗಾವಿ, ವಿಜಯಪುರ ಬಾಂಬೆಗೆ ಸೇರಿತ್ತು. ಮಂಗಳೂರು, ಬಳ್ಳಾರಿ ಮದ್ರಾಸಿಗೆ, ಕೊಳ್ಳೇಗಾಲ ಕೂಡ ಕೊಯಮತ್ತೂರು ಜಿಲ್ಲೆ ಲೆಕ್ಕ. ಕಲಬುರಗಿ, ರಾಯಚೂರು, ಬೀದರ್ ನಿಜಾಮರ ಹೈದರಾಬಾದಿಗೆ ಸೇರಿದ್ದರಿಂದ ಅಲ್ಲಿನ ಆಡಳಿತದ ಕಾಗದಕ್ಕೆ ಉರ್ದು ಬರಬೇಕು, ಇನ್ನೂ ಹಿಂದಕ್ಕೆ ಹೋದ್ರೆ ಪರ್ಷಿಯನ್ ಬರಬೇಕು. ಮೈಸೂರಿಗೆ ಅರಸರಿದ್ರು, ಆದ್ರೆ 1831ರಿಂದ 1881ರವರೆಗೆ ಐವತ್ತು ವರ್ಷ ಕಮಿಷನರ ಆಡಳಿತ, ಕಾಗದದ ದಾರಿ ಅಲ್ಲೂ ಬದಲಾಗತ್ತೆ. ಕೊಡಗು ಬೇರೆ. ಒಂದೇ ಭಾಷೆ ಆಡೋ ಜನರ ಚರಿತ್ರೆ ಇಷ್ಟು ಊರಿನ ಕಪಾಟಲ್ಲಿ ಹರಡಿದೆ. ಇದರ ಮೇಲೆ ಕ್ರೈಸ್ತ ಮಿಷನ್ನಿನವರದ್ದು ಬೇರೆ ದಾರಿ, ಮಂಗಳೂರಲ್ಲಿ 1843ರಲ್ಲಿ ಮಂಗಳೂರ ಸಮಾಚಾರ ಶುರು ಮಾಡಿದ ಮೋಗ್ಲಿಂಗ್ ಬಾಸೆಲ್ ಮಿಷನ್ನಿನವರು, ಅವರು ಊರಿಗೆ ಬರೆದ ವರದಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್ಲಲ್ಲಿವೆ, ಜರ್ಮನ್ ಭಾಷೇಲಿ, ಅದೂ ಹಳೇ ಕೈಬರಹದಲ್ಲಿ. ಆ ಹುಡುಗ ನಕ್ಷೆ ನೋಡಿ ಸ್ವಲ್ಪ ಹೊತ್ತು ಸುಮ್ಮನಾಗಿ "ಹಾಗಾದ್ರೆ ನಾನು ಮೊದಲು ಕಲಿಯಬೇಕಾಗಿರೋದು ಜಿಲ್ಲೆಗಳ ಹೆಸರು" ಅಂದ. ಹೌದು ಅಂದೆ.

ಇಲ್ಲೊಂದು ಜಗಳ ನಂದು ಯಾವಾಗ್ಲೂ ಇದ್ದಿದ್ದೇ. ಈಗಿನ ಹುಡುಗ್ರು ಸರ್ಚ್ ಬಾಕ್ಸಲ್ಲಿ ಒಂದು ಪದ ಹಾಕ್ತಾರೆ, ಬಂದಿದ್ದೇ ಚರಿತ್ರೆ. ಟೈಮ್ಸ್ ಆಫ್ ಇಂಡಿಯಾ 1838ರಿಂದ ಸ್ಕ್ಯಾನ್ ಆಗಿ ಡೇಟಾಬೇಸಲ್ಲಿ ಇದೆ, ಪಟ್ ಅಂತ ಸಿಗತ್ತೆ, ಹಾಗಾಗಿ ಮೈಸೂರು ಸೀಮೆ ಬಗ್ಗೆ ಬರೆಯೋರೂ ಬಾಂಬೆಯಲ್ಲಿ ಕೂತ ಇಂಗ್ಲಿಷ್ ಪತ್ರಿಕೆ ಏನಂತು ಅನ್ನೋದನ್ನೇ ಬರೀತಾರೆ. ಕನ್ನಡದ ಹಳೇ ಅಚ್ಚು ಕಂಪ್ಯೂಟರ್ ಸರಿಯಾಗಿ ಓದಲ್ಲ, ಒತ್ತಕ್ಷರ ಬಂದ ಕಡೆ ಏನೇನೋ ಮಾಡತ್ತೆ, ಸ್ಕ್ಯಾನ್ ಆಗಿದ್ರೂ ಹುಡುಕಿದ್ರೆ ಸಿಗಲ್ಲ, ಸಿಗದಿದ್ದನ್ನ ಇಲ್ಲ ಅಂತಲೇ ತಿಳ್ಕೋತಾರೆ. ಒಂದು ಅಡ್ಡದಾರಿ ನಾನು ಎಲ್ರಿಗೂ ಹೇಳೋದು: ಬ್ರಿಟಿಷ್ ಸರ್ಕಾರ ದೇಶಭಾಷೆ ಪತ್ರಿಕೆಗಳು ಏನು ಬರೀತಿವೆ ಅಂತ ಕಣ್ಣಿಡೋಕೆ ಅನುವಾದಕರನ್ನ ಇಟ್ಟು ಸಾರಾಂಶ ಬರೆಸ್ತಿತ್ತು, ನೇಟಿವ್ ನ್ಯೂಸ್‌ಪೇಪರ್ ರಿಪೋರ್ಟ್ಸ್ ಅಂತ. ಮೂಲ ಪತ್ರಿಕೆ ಕಳೆದುಹೋದ್ರೂ ಅದರ ನಾಲ್ಕು ಸಾಲು ಇದರಲ್ಲಿ ಉಳಿದಿರತ್ತೆ. ಪೊಲೀಸರ ಕಣ್ಣಲ್ಲಿ ನೋಡಿದ ಸಾರಾಂಶ ಅನ್ನೋದು ಮಾತ್ರ ಮರೀಬಾರದು.

ಕನ್ನಡ ಬರೋದ್ರಿಂದ ಉಪಯೋಗ ಇದ್ಯಾ ಅಂದ್ರಲ್ಲ. ಇದಕ್ಕೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ನಿಮ್ಮ ಮನೆ ಹಿರಿಯರನ್ನ ಕೇಳಿ, ಶಾಲೇಲಿ ಕೊಡ್ತಿದ್ದ ಉಪ್ಪಿಟ್ಟು, ಅಮೆರಿಕದ ಹಾಲಿನ ಪುಡಿ ನೆನಪಿಸ್ಕೋತಾರೆ. ಅದರ ಹಿಂದಿದ್ದ ಕಾನೂನು ಪಿಎಲ್ 480, 1954ರದ್ದು. ಅದೇ ಕಾನೂನಿನ ಇನ್ನೊಂದು ಭಾಗದಲ್ಲಿ ಅಮೆರಿಕ ಗೋಧಿ ಮಾರಿ ಡಾಲರ್ ಬದಲು ರೂಪಾಯಿ ತಗೋತಿತ್ತು, ಆ ರೂಪಾಯಿ ಇಂಡಿಯಾದಲ್ಲೇ ಖರ್ಚು ಮಾಡಬೇಕು. ಆ ದುಡ್ಡಲ್ಲಿ ಪುಸ್ತಕ ಕೊಳ್ಳಬಹುದು ಅಂತ 1958ರಲ್ಲಿ ತಿದ್ದುಪಡಿ ತಂದ್ರು, 1962ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನವರು, ಅಂದ್ರೆ ಅಮೆರಿಕದ ಸಂಸತ್ತಿನ ಲೈಬ್ರರಿಯವರು, ದಿಲ್ಲೀಲಿ ಆಫೀಸ್ ತೆರೆದ್ರು. ಅಲ್ಲಿಂದ ಕನ್ನಡ, ತಮಿಳು, ಬಂಗಾಳಿ ಅಂತ ಭಾಷೆ ಭಾಷೆ ಪುಸ್ತಕಗಳು ಪೆಟ್ಟಿಗೆ ಪೆಟ್ಟಿಗೆ ಹಡಗು ಹತ್ತಿ ಷಿಕಾಗೋ, ಬರ್ಕ್ಲಿ, ಮ್ಯಾಡಿಸನ್, ಫಿಲಡೆಲ್ಫಿಯಾ ಕಡೆ ಬಂದ್ವು. ರೂಪಾಯಿ ಮುಗಿದ ಮೇಲೆ 80ರ ದಶಕದಿಂದ ಲೈಬ್ರರಿಗಳೇ ದುಡ್ಡು ಹಾಕಿ ತರಿಸ್ಕೊಳ್ಳೋ ಹಾಗಾಯ್ತು. ನಮ್ಮ ಊರಿನ ಜಿಲ್ಲಾ ಲೈಬ್ರರೀಲಿ ಗೆದ್ದಲು ತಿಂದ ಪುಸ್ತಕ ಇಲ್ಲಿ ಏಸಿ ರೂಮಲ್ಲಿ ತಣ್ಣಗೆ ಕೂತಿರೋದನ್ನ ಮೊದಲ ಸಲ ನೋಡಿದಾಗ ನನಗೆ ಖುಷಿ ಆಯ್ತೋ ಹೊಟ್ಟೆ ಉರೀತೋ ಇವತ್ತಿಗೂ ಹೇಳೋಕೆ ಬರಲ್ಲ.

ಹಾಗಾಗಿ ಪುಸ್ತಕ ಇವೆ, ಓದೋಕೆ ಬರೋರು ಕಮ್ಮಿ. ಕ್ಯಾಟಲಾಗಲ್ಲಿ ಕನ್ನಡ ಹೆಸರು ಇಂಗ್ಲಿಷ್ ಅಕ್ಷರಕ್ಕೆ ಇಳಿಸೋದಕ್ಕೆ ಒಂದು ಪದ್ಧತಿ ಇದೆ, ಳಕಾರಕ್ಕೆ ಎಲ್ ಕೆಳಗೆ ಚುಕ್ಕೆ, ದೀರ್ಘಕ್ಕೆ ಮೇಲೊಂದು ಗೆರೆ. ಕನ್ನಡ ಪುಸ್ತಕದ ಮೇಲೆ ಲೇಖಕರ ಇನಿಷಿಯಲ್ ಕೆ. ಅಂತ ಇದ್ರೆ ಅದನ್ನ ಉಚ್ಚಾರದಂತೆ ಎರಡಕ್ಷರ ಮಾಡಿ ಕೆ-ಇ ಅಂತ ಬರೀತಾರೆ, ಅದೇ ಲೇಖಕರ ಇಂಗ್ಲಿಷ್ ಪುಸ್ತಕದಲ್ಲಿ ಬರೀ ಕೆ. ಇರತ್ತೆ, ಗೊತ್ತಿಲ್ಲದೋರಿಗೆ ಇಬ್ಬರು ಬೇರೆ ಬೇರೆ ಮನುಷ್ಯರು. ಇದೆಲ್ಲ ನಿಮಗೆ ಒಂದು ವಾರದಲ್ಲಿ ಬರತ್ತೆ, ಬೇರೆಯವರಿಗೆ ಬರಲ್ಲ. ಆದ್ರೆ ಸುಳ್ಳು ಆಸೆ ಹುಟ್ಟಿಸಲ್ಲ: ಕನ್ನಡ ಒಂದೇ ನಂಬ್ಕೊಂಡ್ರೆ ಕೆಲಸ ಸಿಗಲ್ಲ. ಭಾಷೆಗೆ ಬೆಲೆ ಇರೋದು ಸೌತ್ ಏಷ್ಯಾ ಲೈಬ್ರೇರಿಯನ್ ಅನ್ನೋ ಹುದ್ದೆಗೆ, ಅಂಥವು ಇಡೀ ದೇಶದಲ್ಲಿ ಕೆಲವೇ, ಒಬ್ರು ರಿಟೈರ್ ಆದ್ರೇ ಖಾಲಿ ಆಗೋದು, ಅದಕ್ಕೂ ಹಿಂದಿ ಉರ್ದು ಕೇಳೋದೇ ಹೆಚ್ಚು. ಹಿಸ್ಟರಿ ಲೈಬ್ರೇರಿಯನ್ ಹುದ್ದೆಗೆ ಅಮೆರಿಕ, ಯುರೋಪಿನ ಇತಿಹಾಸದ ಮೂಲಗಳು ಬೆರಳ ತುದೀಲಿ ಇರಬೇಕು, ಕನ್ನಡ ಅಲ್ಲಿ ಮೇಲಿನ ತುಪ್ಪ.

ಪಿಎಚ್‌ಡಿ ಕಡ್ಡಾಯ ಅಲ್ಲ. ಇದ್ದೋರು ಬಹಳ ಜನ ಅರ್ಜಿ ಹಾಕ್ತಾರೆ, ಪ್ರೊಫೆಸರ್ ಕೆಲಸ ಸಿಗದೆ ಈ ಕಡೆ ಬರೋರೂ ಇದ್ದಾರೆ. ಬಹುಪಾಲು ಜಾಹೀರಾತಲ್ಲಿ ಕೇಳೋದು ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಮಾನ್ಯತೆ ಇರೋ ಲೈಬ್ರರಿ ಸೈನ್ಸ್ ಮಾಸ್ಟರ್ಸ್ ಡಿಗ್ರಿ, ಅಂದ್ರೆ ಎಂಎಲ್‌ಐಎಸ್, ಅದರ ಜೊತೆ ಹಿಸ್ಟರೀಲಿ ಒಂದು ಎಂ.ಎ. ಇದ್ರೆ ಒಳ್ಳೇದು ಅಂತ, ನಿಮ್ಮ ಎಂ.ಎ. ಅಲ್ಲಿ ಲೆಕ್ಕಕ್ಕೆ ಬರತ್ತೆ. ಎಂಎಲ್‌ಐಎಸ್ ಹೆಚ್ಚುಕಮ್ಮಿ ಎರಡು ವರ್ಷ, ಸ್ಯಾನ್ ಹೋಸೆ ಸ್ಟೇಟಿನಂಥ ಕಡೆ ಪೂರ್ತಿ ಆನ್‌ಲೈನಲ್ಲೇ ಇದೆ. ಎಚ್-4ನಲ್ಲಿ ಓದಬಹುದು, ತೊಂದರೆ ಇಲ್ಲ.

ತೊಂದರೆ ಇರೋದು ಬೇರೆ ಕಡೆ, ಇದನ್ನ ಕಾಲೇಜಿನವರು ಅಡ್ಮಿಷನ್ ಟೈಮಲ್ಲಿ ಹೇಳಲ್ಲ. ಈ ಲೈನಲ್ಲಿ ಡಿಗ್ರಿಗಿಂತ ಲೈಬ್ರರಿ ಒಳಗೆ ಕೆಲಸ ಮಾಡಿದ ಅನುಭವ ಮುಖ್ಯ, ಓದ್ತಾ ಓದ್ತಾ ರೆಫರೆನ್ಸ್ ಡೆಸ್ಕಲ್ಲಿ ಕೂತೋರಿಗೇ ಇಂಟರ್‌ವ್ಯೂ ಕರೆ ಬರೋದು. ಎಚ್-4ನಲ್ಲಿ ಇಎಡಿ (ಕೆಲಸ ಮಾಡೋಕೆ ಸರ್ಕಾರ ಕೊಡೋ ಪರವಾನಗಿ) ಇಲ್ಲದೆ ಸಂಬಳದ ಕೆಲಸ ಮಾಡೋ ಹಾಗಿಲ್ಲ, ಗಂಟೆ ಲೆಕ್ಕದ ಸ್ಟೂಡೆಂಟ್ ಜಾಬೂ ಆಗಲ್ಲ. ಎಫ್-1 ಅನ್ನೋ ವಿದ್ಯಾರ್ಥಿ ವೀಸಾಗೆ ಬದಲಾಯಿಸ್ಕೊಂಡು ಓದಿದ್ರೆ ಕ್ಯಾಂಪಸ್ಸಲ್ಲಿ ಸೆಮಿಸ್ಟರ್ ನಡೆಯೋವಾಗ ವಾರಕ್ಕೆ 20 ಗಂಟೆ ಮಾಡಬಹುದು, ಆದ್ರೆ ಆಗ ಆನ್‌ಲೈನ್ ಕೋರ್ಸ್ ಸಾಲಲ್ಲ, ಕ್ಲಾಸಿಗೆ ಹೋಗಿ ಕೂರೋ ಕೋರ್ಸೇ ಬೇಕು, ಫೀಸೂ ಜಾಸ್ತಿ. ಆನ್‌ಲೈನ್ ಕೋರ್ಸ್ ಚೀಪ್ ಅಂತ ಸೇರಿ ಎರಡು ವರ್ಷ ಆದ್ಮೇಲೆ ಸರ್ಟಿಫಿಕೇಟ್ ಹಿಡ್ಕೊಂಡು ಅನುಭವ ಇಲ್ಲದೆ ನಿಂತೋರನ್ನ ನಾನು ನೋಡಿದೀನಿ, ಅದಕ್ಕೇ ಇಷ್ಟು ಬಿಡಿಸಿ ಹೇಳ್ತಿರೋದು. ದುಡ್ಡು ಕಟ್ಟೋ ಮೊದಲು ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಲ್ಲೋ ಲಾಯರ್ ಹತ್ರವೋ ಒಂದು ಮಾತು ಕೇಳಿ. ಮುಂದಕ್ಕೆ ಒಂದು ಸಮಾಧಾನ ಏನಂದ್ರೆ ಯೂನಿವರ್ಸಿಟಿಗಳು ಎಚ್-1ಬಿ ಅನ್ನೋ ಕೆಲಸದ ವೀಸಾದ ಲಾಟರಿಗೆ ಬರಲ್ಲ, ವರ್ಷದ ಸಂಖ್ಯೆಯ ಮಿತಿ ಅವರಿಗಿಲ್ಲ. ಸಾಫ್ಟ್‌ವೇರ್ ಸಂಬಳ ಮಾತ್ರ ಕನಸಲ್ಲೂ ನೆನೀಬೇಡಿ.

ಈಗ ಮಾಡಬೇಕಾದ್ದು ಇಷ್ಟೇ. ನಿಮ್ಮ ಎಂ.ಎ. ಡಿಸರ್ಟೇಷನ್ ವಿಷಯ ಇರತ್ತಲ್ಲ, ಅದನ್ನ ಪಕ್ಕದ ಯೂನಿವರ್ಸಿಟಿ ಕ್ಯಾಟಲಾಗಲ್ಲಿ ಹುಡುಕಿ. ಕರ್ನಾಟಕ ಅಂತ ಒಂದು ಸಲ, ಮೈಸೂರು ಅಂತ ಒಂದು ಸಲ, ಹಳೇ ಜಿಲ್ಲೆ ಹೆಸರಲ್ಲಿ ಒಂದು ಸಲ. ದಾವಣಗೆರೆ ಅಂದ್ರೆ ಚಿತ್ರದುರ್ಗ ಅಂತ ನೋಡಬೇಕು, ನಿಮ್ಮದು ಜಿಲ್ಲೆ ಆಗಿದ್ದೇ 1997ರಲ್ಲಿ. ಪ್ರತೀ ಸಲ ಏನು ಸಿಕ್ತು, ಯಾವುದು ಇರಲೇಬೇಕಿತ್ತು ಆದ್ರೆ ಸಿಗಲಿಲ್ಲ ಅಂತ ಬರ್ಕೊಳಿ. ಆಮೇಲೆ ಆ ಹಿಸ್ಟರಿ ಲೈಬ್ರೇರಿಯನ್ನಿಗೆ ಒಂದು ಇಮೇಲ್ ಹಾಕಿ ಅರ್ಧ ಗಂಟೆ ಟೈಮ್ ಕೇಳಿ, ಸರ್ಕಾರಿ ಯೂನಿವರ್ಸಿಟಿ ಆದ್ರೆ ಹೊರಗಿನೋರನ್ನೂ ಸಾಮಾನ್ಯವಾಗಿ ಮಾತಾಡಿಸ್ತಾರೆ. ಕೆಲಸ ಇದ್ಯಾ ಅಂತ ಕೇಳೋಕೆ ಹೋಗಬೇಡಿ, ಸಿಗದೇ ಇದ್ದ ಪಟ್ಟಿ ತಗೊಂಡು ಹೋಗಿ ಟೇಬಲ್ ಮೇಲೆ ಇಡಿ. ನನ್ನ ಮುಂದೆ ಯಾರಾದ್ರೂ ಅಂಥ ಪಟ್ಟಿ ಇಟ್ರೆ ನಾನಂತೂ ಮುಂದಿನ ಮೀಟಿಂಗ್ ಕ್ಯಾನ್ಸಲ್ ಮಾಡ್ತೀನಿ.